ಅಪ್ಪನ ಬಿ.ಎಡ್.

॥ ಶ್ರೀ ॥

ಚಿತ್ತವಾಡ್ಗಿ, ಹೊಸಪೇಟೆ
ಭಾನುವಾರ, 21 ಜನವರಿ 2007

ಚಿ. ಅಪೇಕ್ಷಾಳಿಗೆ,

ಅಪ್ಪನ ಆಶೀರ್ವಾದಗಳು. ನಾನು ಇಲ್ಲಿ ಬಾಡಿಗೆ ಕೋಣೆಯಲ್ಲಿ ಕ್ಷೇಮ, ಕಂಪ್ಲಿಯಲ್ಲಿ ನಿನ್ನ ಅಮ್ಮ ಕ್ಷೇಮ. ಸಂಡೂರಿನಲ್ಲಿ ನೀನೂ ಲಕ್ಷ್ಮೀಬಾಯಿ ಅತ್ತೆಯೂ ಆರೋಗ್ಯದಿಂದಿದ್ದೀರೆಂದು ನಿನ್ನ ಅಮ್ಮ ಹೇಳಿದಳು. ದೀಪಾವಳಿಯ ಹೊತ್ತಿಗೆ ನೀನು ಕಳಿಸಿದ ಸ್ವೆಟರ್ ಬಂದು ಎರಡೂವರೆ ತಿಂಗಳಾಯಿತು. ಬಂತು ಎಂದು ಒಂದು ಸಾಲು ಬರೆಯಲಿಲ್ಲ. ಅಳತೆ ಸರಿಯಾಗಿದೆ. ದಿನಾ ಬೆಳಿಗ್ಗೆ ಹಾಕಿಕೊಳ್ಳುತ್ತೇನೆ. ಬರೆಯದೆ ಉಳಿದದ್ದಕ್ಕೆ ಪಾಠಯೋಜನೆ, ಪರೀಕ್ಷೆ ಎಂದೆಲ್ಲ ಕಾರಣ ಹೇಳಬಹುದು, ಆದರೆ ಅವು ಕಾರಣಗಳಲ್ಲ.

ಸ್ವೆಟರಿನ ಜೊತೆಗಿದ್ದ ಚೀಟಿಯಲ್ಲಿ ನೀನು ಕೇಳಿದ್ದೆ: ‘ಇಷ್ಟು ವರ್ಷ ಪಾಠ ಮಾಡಿದವರಿಗೆ ಆ ಕಾಲೇಜಿನಲ್ಲಿ ಏನು ಕಲಿಸುತ್ತಾರೆ?’ ತಮಾಷೆಗೆ ಕೇಳಿದೆಯೋ ನಿಜವಾಗಿ ಕೇಳಿದೆಯೋ ತಿಳಿಯಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಮ್ಮಿಬ್ಬರ ಮಾತು ‘ಊಟ ಆಯ್ತಾ’, ‘ಆಯ್ತು’ ಎನ್ನುವಲ್ಲಿಗೆ ಮುಗಿದುಬಿಡುತ್ತದೆ. ಹೋದ ವಾರ ನಿನ್ನ ಅಮ್ಮ ಸುಮ್ಮನಿರಲಾರದೆ ಅಂದಳು: “ನಿಮ್ಮ ಮಗಳು ನನ್ನ ಸಂಗಡ ಅರ್ಧ ತಾಸು ಮಾತಾಡ್ತಾಳ. ಅಪ್ಪ ಬಂದ್ರು ಅಂದಕೂಡಲೇ ‘ಇಡ್ತೀನಮ್ಮ’ ಅಂತಾಳ. ಏನದ ನಿಮ್ಮಿಬ್ಬರ ನಡುವ? ಒಂದು ಕಾಗದಾನಾದ್ರೂ ಬರೀರಿ.” ಅದಕ್ಕೇ ಇವತ್ತು ಕೂತಿದ್ದೇನೆ.

ಮೊದಲು ನನ್ನ ಅವತಾರ ಕೇಳು. ಇಲ್ಲಿ ನಮಗೆಲ್ಲ ಸಮವಸ್ತ್ರ. ತಿಳಿನೀಲಿ ಅಂಗಿ, ಕಡುನೀಲಿ ಪ್ಯಾಂಟು, ಕೊರಳಲ್ಲಿ ಫೋಟೋ ಇರುವ ಗುರುತಿನ ಚೀಟಿ. ನಲವತ್ತಾರು ವರ್ಷದವನು ಹೀಗೆ ಹೊರಟರೆ ನೋಡಿದವರು ಏನೆಂದುಕೊಳ್ಳಬೇಕು? ಕಂಪ್ಲಿ ಬಸ್ಸಿನ ಕಂಡಕ್ಟರ್ ಬಹಳ ಗೌರವದಿಂದ ಕೇಳಿದ, “ಯಾವ ಮೈನ್ಸ್‌ದಾಗ ಸೆಕ್ಯೂರಿಟಿ ಅದೀರಿ ಸಾರ್? ನಮ್ಮ ಅಳಿಯಗೂ ಒಂದು ಮಾತು ಹೇಳ್ರಿ.” ಮೇಷ್ಟ್ರು ಎಂದರೆ ನಂಬಲಿಲ್ಲ. ವಿದ್ಯಾರ್ಥಿ ಎಂದಮೇಲೆ ನನ್ನ ಕಡೆ ನೋಡುವುದನ್ನೇ ಬಿಟ್ಟ.

ನಿನಗೆ ಗೊತ್ತೇ ಇದೆ, ನಾನು ಮನಸ್ಸಿಟ್ಟು ಬಂದವನಲ್ಲ. ಬಿ.ಎಸ್‌ಸಿ. ಮುಗಿಸಿ ಹತ್ತೊಂಬತ್ತು ವರ್ಷ ಗಣಿತ ಹೇಳಿಕೊಟ್ಟವನಿಗೆ, ಬಿ.ಎಡ್. ಇಲ್ಲದಿದ್ದರೆ ಮುಂದಿನ ಜೂನ್‌ನಿಂದ ಬರಬೇಡಿ ಎಂದಿತು ನಮ್ಮ ಶಾಲೆಯ ಆಡಳಿತ ಮಂಡಳಿ. ಒಂದು ವರ್ಷ ರಜೆ ಹಾಕಿ ಬಂದು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತೆ. ಶಿಕ್ಷಣದ ತಾತ್ವಿಕ ತಳಹದಿ ಒಂದು ವಿಷಯ, ಶಾಲಾ ಆಡಳಿತ ಒಂದು, ಗಣಿತ ಮತ್ತು ವಿಜ್ಞಾನದ ಬೋಧನಾ ಪದ್ಧತಿಗಳು ಎರಡು. ಮನೋವಿಜ್ಞಾನವೂ ಉಂಟು: ಎಷ್ಟನೆಯ ವಯಸ್ಸಿನಲ್ಲಿ ಮಗುವಿನ ಬುದ್ಧಿ ಹೇಗೆ ಬೆಳೆಯುತ್ತದೆ, ಹದಿಮೂರರ ಹುಡುಗಿಗೆ ಅವಮಾನವೆಂದರೆ ಏನು, ಇಂಥವು. ಚಾರ್ಟು, ಮಾದರಿ ಮಾಡಬೇಕು. ಎಲ್ಲಕ್ಕಿಂತ ದೊಡ್ಡದು ನಲವತ್ತು ಪಾಠಗಳು. ನಿಜವಾದ ಶಾಲೆಗೆ ಹೋಗಿ, ಹಿಂದೆ ಕೂತ ಉಪನ್ಯಾಸಕರ ಎದುರು ಮಾಡಬೇಕು. ಪ್ರತಿ ಪಾಠಕ್ಕೂ ಮೊದಲೇ ಬರೆದ ಯೋಜನೆ ಬೇಕು: ಯಾವ ಪ್ರಶ್ನೆ ಕೇಳುತ್ತೇವೆ, ಮಗು ಏನು ಹೇಳೀತು, ಕಪ್ಪುಹಲಗೆಯ ಮೇಲೆ ಏನು ಬರುತ್ತದೆ, ಎಲ್ಲ.

ಅದಕ್ಕೂ ಮುಂಚೆ ಸೂಕ್ಷ್ಮ ಬೋಧನೆ. ಐದೇ ನಿಮಿಷದ ಪಾಠ, ಒಂದೇ ಕೌಶಲ. ನಮ್ಮ ಜೊತೆಯವರೇ ಏಳನೆಯ ತರಗತಿ ಮಕ್ಕಳಂತೆ ಕೂರುತ್ತಾರೆ. ಸಾಗರ ಅಂತ ಒಬ್ಬನಿದ್ದಾನೆ, ಇಪ್ಪತ್ಮೂರು ವರ್ಷ. ತಂದೆ ಸುಂಕಪ್ಪ ಕಮಲಾಪುರದ ಕಡೆ ಬಾಳೆತೋಟದಲ್ಲಿ ಕೂಲಿ. ನಾನು ಪೀಠಿಕೆ ಹಾಕಿ ತ್ರಿಕೋನದ ಹೆಸರೆತ್ತುವಷ್ಟರಲ್ಲಿ ಅವನು ಎದ್ದು, “ಸಾರ್, ಇದನ್ನ ಕಲ್ತು ಏನ್ ಮಾಡಬೇಕ್ರಿ?” ಎಂದ. ನಾನು ರೂಢಿಯಂತೆ “ಲೇ, ಕುಂದ್ರು” ಎಂದೆ. ಎಲ್ಲರೂ ನಕ್ಕರು. ಆ ಕೌಶಲಕ್ಕೆ ನನಗೆ ಬಂದದ್ದು ಹತ್ತಕ್ಕೆ ಮೂರು.

ಇನ್ನು ನವೆಂಬರಿನ ಸಂಗತಿ. ಇಲ್ಲಿನ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ ನನ್ನ ಆರನೆಯ ಪಾಠ. ಹಿಂದೆ ಕೂತವರು ಪಲ್ಲವಿ ಮೇಡಂ, ನಮ್ಮ ಗಣಿತ ಪದ್ಧತಿಯ ಉಪನ್ಯಾಸಕಿ. ವಯಸ್ಸು ಇಪ್ಪತ್ತೆಂಟು ಇದ್ದೀತು. ಪಾಠ ಸೊಗಸಾಗಿ ಮುಗಿಯಿತು ಎಂದುಕೊಂಡೆ. ಗಂಟೆ ಹೊಡೆಯುವುದಕ್ಕೂ ನಾನು ಸುಣ್ಣದಕಡ್ಡಿ ಇಡುವುದಕ್ಕೂ ಸರಿಹೋಯಿತು. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಅವರು ಹಾಳೆಯೊಂದನ್ನು ಬಿಚ್ಚಿದರು. ತರಗತಿಯ ಬೆಂಚುಗಳ ನಕ್ಷೆ. ಯಾವ ಮಗುವಿಗೆ ಪ್ರಶ್ನೆ ಕೇಳಿದೆನೋ ಅಲ್ಲಲ್ಲಿ ಒಂದೊಂದು ಗೀಟು ಹಾಕಿದ್ದರು.

“ಕುಂದ್ರಿ ಸರ್. ಬ್ಯಾಸರ ಮಾಡ್ಕೋಬ್ಯಾಡ್ರಿ. ಮೂವತ್ತೊಂದು ಪ್ರಶ್ನೆ ಕೇಳೀರಿ. ಇಪ್ಪತ್ತಾರು ಮುಂದಿನ ಎರಡು ಬೆಂಚಿಗೆ.”

“ಉಳಿದ ಐದು?”

“ನೀವೇ ಕೇಳಿ ನೀವೇ ಉತ್ತರ ಹೇಳ್ಕೊಂಡ್ರಿ.”

ಗೊತ್ತಿದ್ದವರನ್ನು ಕೇಳಿದರೆ ಹೊತ್ತು ಉಳಿಯುತ್ತದೆ, ಪಾಠ ಮುಗಿಯುತ್ತದೆ ಎಂದೆ. ಅವರು ದನಿ ಏರಿಸದೆ, “ಮತ್ತ ಗೊತ್ತಿಲ್ಲದವರನ್ನ ಕೇಳೂದು ಯಾವಾಗ್ರಿ ಸರ್?” ಎಂದರು.

ಸಿಟ್ಟು ಬಂತಮ್ಮ. ಸಂಜೆ ಕೋಣೆಯ ಮುಂದೆ ಕೂತು ಅವರು ಕೊಟ್ಟಿದ್ದ ಆ ಹಾಳೆಯನ್ನೇ ನೋಡಿದೆ. ಸಿಟ್ಟು ಇಳಿಯುತ್ತ ಬಂದಂತೆ ಕಂಪ್ಲಿಯ ನನ್ನ ತರಗತಿಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಪ್ರತಿ ವರ್ಷದ ಮುಂದಿನ ಎರಡು ಬೆಂಚಿನವರ ಹೆಸರು, ಮುಖ, ಅಕ್ಷರ, ಎಲ್ಲ ನೆನಪಿದೆ. ಅವರ ಹಿಂದೆ ಯಾರು ಕೂತಿದ್ದರು ಎಂದು ಯೋಚಿಸಿದರೆ ತಲೆಗಳು ಮಾತ್ರ ಕಾಣುತ್ತವೆ.

ಏಳನೆಯ ಪಾಠಕ್ಕೆ ಹಟ ಹಿಡಿದು ಹಿಂದಿನಿಂದಲೇ ಶುರುಮಾಡಿದೆ. ಭಿನ್ನರಾಶಿಯ ಪುನರಾವರ್ತನೆ. ಕೊನೆಯ ಬೆಂಚಿನ ಗಾಳೆಮ್ಮ ಎನ್ನುವ ಹುಡುಗಿಯನ್ನು ಕೇಳಿದೆ: ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಎಷ್ಟು? ಅವಳು ಎದ್ದು ನಿಂತು ನೆಲ ನೋಡಿದಳು. ಪ್ರಶ್ನೆ ಕೇಳಿದ ಮೇಲೆ ಐದು ಎಣಿಸಿ ಕಾಯಬೇಕೆಂದು ನಮಗೆ ಹೇಳಿಕೊಟ್ಟಿದ್ದಾರೆ. ಐದು ಎಣಿಸುವುದು ಎಷ್ಟು ಉದ್ದವೆಂದು ನನಗೆ ಅವತ್ತೇ ಗೊತ್ತಾದದ್ದು. ನಾನು ಹತ್ತರವರೆಗೂ ಹೋದೆ.

“ಐದನೇ ಎರಡ್ರಿ ಸಾರ್.”

ಮುಂದಿನ ಬೆಂಚು ಕಿಸಕ್ಕೆಂದಿತು. ತಪ್ಪು, ಕೂತುಕೋ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿ, “ಹೆಂಗ ಬಂತು, ಹೇಳವ್ವ” ಎಂದೆ.

“ಮ್ಯಾಲಿಂದಕ್ಕ ಮ್ಯಾಲಿಂದು ಕೂಡಿಸಿದ್ನಿ, ಕೆಳಗಿಂದಕ್ಕ ಕೆಳಗಿಂದು.”

“ಆಯ್ತು. ಅರ್ಧ ರೊಟ್ಟಿ ಐತಿ. ಅದಕ್ಕ ಇನ್ನೊಂದು ತುಂಡು ಕೊಟ್ಟೆ. ಈಗ ನಿನ್ನ ಹತ್ರ ಎಷ್ಟಿರಬೇಕು?”

“ಅರ್ಧಕ್ಕಿಂತ ಜಾಸ್ತಿ.”

“ಐದನೇ ಎರಡು?”

ಅವಳು ಗಾಳಿಯಲ್ಲಿ ಬೆರಳಿನಿಂದ ರೊಟ್ಟಿ ಬರೆದು ಐದು ಭಾಗ ಮಾಡಿದಳು. ಆಮೇಲೆ ನಿಧಾನಕ್ಕೆ ಹೇಳಿದಳು. “ಇದು ಅರ್ಧಕ್ಕಿಂತ ಕಮ್ಮಿ ಆತಲ್ರಿ. ಕೊಟ್ಟ ಮ್ಯಾಲ ಕಮ್ಮಿ ಹೆಂಗ ಆಗ್ತೈತಿ? ನಾ ಮಾಡಿದ್ದು ತಪ್ಪೈತ್ರಿ ಸಾರ್.”

ಯಾರೂ ಹೇಳದೆ ತನ್ನ ತಪ್ಪನ್ನು ತಾನೇ ಹಿಡಿದಳು. ಗಂಟೆ ಹೊಡೆದಾಗ ನನ್ನ ಯೋಜನೆಯ ಅರ್ಧವೂ ಮುಗಿದಿರಲಿಲ್ಲ. ಪಲ್ಲವಿ ಮೇಡಂ ಪುಸ್ತಕದಲ್ಲಿ ಬರೆದರು: ‘ಪಾಠ ಪೂರ್ಣಗೊಂಡಿಲ್ಲ. ಚೆನ್ನಾಗಿತ್ತು.’ ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ ಮಗಳೇ. ಇಲ್ಲಿ ನನಗೆ ಕಾಯುವುದನ್ನು ಕಲಿಸಿದರು. ಉಳಿದದ್ದನ್ನು ಪುಸ್ತಕ ಓದಿ ಬರೆಯಬಹುದು.

ಈಗ ಇನ್ನೊಂದು ಹೇಳಬೇಕು. ಈ ತಿಂಗಳ ಎಂಟರಂದು ಪೌರತ್ವ ಶಿಬಿರಕ್ಕೆಂದು ನಮ್ಮನ್ನು ಸಂಡೂರಿನ ಆಚೆಗೆ ಕರೆದುಕೊಂಡು ಹೋದರು. ಹಳ್ಳಿಯೊಂದರಲ್ಲಿ ಐದು ದಿನ ಇದ್ದು ಶ್ರಮದಾನ, ಸಮೀಕ್ಷೆ ಮಾಡುವುದು, ಅದೂ ಪದವಿಯ ಭಾಗವೇ. ಯಶವಂತನಗರದ ಹತ್ತಿರ ಅದಿರು ಲಾರಿಗಳ ಸಾಲಿನಲ್ಲಿ ನಮ್ಮ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಗಿಡ, ಗೋಡೆ, ದನ ಎಲ್ಲ ಕೆಂಪು. ನಿಂತದ್ದು ನಿನ್ನ ಕಂಪನಿಯವರು ಲಾರಿ ತೂಗುವ ವೇಬ್ರಿಡ್ಜ್ ಎದುರಿಗೆ.

ನೀನು ತೂಕದ ಕೋಣೆಯ ಕಿಟಕಿಯಲ್ಲಿದ್ದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಲಾರಿಯ ನಂಬರು ಕೂಗುತ್ತಿದ್ದೆ. ಡ್ರೈವರ್ ಒಬ್ಬ ತೂಕ ಸರಿಯಿಲ್ಲವೆಂದು ಜಗಳ ತೆಗೆದ. “ನಾ ಹೇಳೂದಲ್ರಿ, ಯಂತ್ರ ಹೇಳ್ತದ. ಹಿಂದ ತಗೊಂಡು ಮತ್ತೊಮ್ಮೆ ನಿಲ್ಲಸ್ರಿ, ಎಲ್ಲರ ಮುಂದ ನೋಡೋಣ” ಎಂದೆ ನೀನು. ಅವನು ಸುಮ್ಮನೆ ಲಾರಿ ಹಿಂದಕ್ಕೆ ತೆಗೆದ. ಅಷ್ಟು ಜನ ಗಂಡಸರ ನಡುವೆ, ಅಷ್ಟು ಇಂಜಿನ್ನುಗಳ ಸದ್ದಿನ ಮೇಲೆ, ನಿನ್ನ ದನಿ ನನಗೆ ನೆಟ್ಟಗೆ ಕೇಳಿಸಿತು. ನಿನಗೆ ಅಂಥ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಪಕ್ಕದಲ್ಲಿದ್ದ ಸಾಗರ, “ಮಸ್ತ್ ಅದಾರಲ್ರೀ ಸಾರ್ ಆ ಮೇಡಂ. ಇವರು ಟೀಚರ್ ಆಗಬೇಕಿತ್ತು” ಎಂದ. ನಾನು ಹೂಂ ಎಂದೆ. ನನ್ನ ಮಗಳು ಎನ್ನಲಿಲ್ಲ. ಇಳಿದು ಬರಲಿಲ್ಲ. ಬಸ್ಸು ಹೊರಟಿತು. ಶಿಬಿರದಲ್ಲಿ ಚರಂಡಿ ಅಗೆಯುವಾಗಲೂ ಅದೇ ಕೊರೆಯುತ್ತಿತ್ತು. ಸಂಜೆ ಸಾಗರನನ್ನು ಬದಿಗೆ ಕರೆದು, “ಬೆಳಿಗ್ಗೆ ನೋಡಿದಿಯಲ್ಲ, ಆಕಿ ನನ್ನ ಮಗಳಪ್ಪ” ಎಂದೆ. ಅವನು ನನ್ನ ಮುಖ ನೋಡಿ, “ಅವಾಗ್ಲೇ ಹೇಳಬೇಕಿತ್ತಲ್ರೀ ಸಾರ್” ಎಂದ. ಹೌದು. ಅವಾಗಲೇ ಹೇಳಬೇಕಿತ್ತು.

ಪಿಯುಸಿ ಆದಮೇಲೆ ನೀನು ಕಾಲೇಜು ಸಾಕು ಎಂದಾಗ ನಾನು ಕಾರಣ ಕೇಳಲಿಲ್ಲ. ಲೆಕ್ಕದಲ್ಲಿ ಮನಸ್ಸಿಲ್ಲ ಎಂದು ನೀನು ಹೇಳಿದೆ, ನಾನು ಒಪ್ಪಿಕೊಂಡೆ. ಒಂಬತ್ತನೆಯ ತರಗತಿಗೆ ಬಂದವಳು ನನ್ನ ಪಾಠದಲ್ಲಿ ನೀನಾಗಿ ಹಿಂದಿನ ಬೆಂಚಿಗೆ ಹೋಗಿ ಕೂತೆ, ಆಗಲೂ ಕೇಳಲಿಲ್ಲ. ಈಗ ನೀನು ದೂರಶಿಕ್ಷಣದ ಬಿ.ಎ. ಅರ್ಜಿ ತರಿಸಿಕೊಂಡಿದ್ದೀ ಎಂದು ನಿನ್ನ ಅಮ್ಮ ಹೇಳಿದಳು. ಕಟ್ಟು ಎಂದೂ ಬೇಡವೆಂದೂ ನಾನು ಹೇಳುವುದಿಲ್ಲ. ಅದು ನಿನ್ನದು.

ಫೆಬ್ರುವರಿ ಹನ್ನೆರಡಕ್ಕೆ ನನ್ನ ಪರೀಕ್ಷಾ ಪಾಠ. ಅದಕ್ಕೂ ಮುಂಚೆ, ಬರುವ ಭಾನುವಾರ ಬೆಳಗಿನ ಬಸ್ಸಿಗೆ ಸಂಡೂರಿಗೆ ಬರಬೇಕೆಂದಿದ್ದೇನೆ. ಬೇರೇನೂ ಕೆಲಸವಿಲ್ಲ, ನಿನ್ನನ್ನು ನೋಡಲು. ಈ ಕಾಗದ ಪೂರ್ತಿ ಓದಿದ ಮೇಲೆ ಬೇಡವೆನಿಸಿದರೆ ಅತ್ತೆಯಿಂದ ಒಂದು ಫೋನು ಮಾಡಿಸು. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಧೂಳಿನಲ್ಲಿ ಕೆಲಸ, ರಾತ್ರಿ ಬಿಸಿನೀರು ಕುಡಿ. ಲಕ್ಷ್ಮೀಬಾಯಿಗೆ ಮೊಣಕಾಲಿನ ಎಣ್ಣೆ ತರುತ್ತೇನೆಂದು ಹೇಳು. ಹೋದಲ್ಲೆಲ್ಲ ನಿನ್ನ ಮಾತು ನಡೆಯಲಿ, ರಾಯರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಶ್ರೀಪತಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಎರಡು ಸಲ ಬರೆದು ಹೊಡೆದು ಹಾಕಿದ್ದು. ನೀನು ಎಂಟನೆಯ ತರಗತಿಯಲ್ಲಿದ್ದಾಗ ನಾನು ಪಾಠ ಮಾಡುತ್ತಿದ್ದ ನಿಮ್ಮ ತರಗತಿಗೆ ಬಳ್ಳಾರಿಯಿಂದ ಗಣಿತದ ಪರಿವೀಕ್ಷಕರು ಬಂದಿದ್ದರು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಯಾಕೆ ಭಾಗಿಸಬಾರದು ಎಂದು ಕೇಳಿ, ನನ್ನ ದಾಖಲೆ ಪುಸ್ತಕ ತಿರುವುತ್ತ ನಿಂತರು. ತಲೆ ಎತ್ತದೆಯೇ, “ಯಾರಿಗೂ ಗೊತ್ತಿಲ್ಲೇನ್ರಿ ಮಾಸ್ತರ?” ಎಂದರು. ನಾನು, “ಇಲ್ಲ ಸರ್, ಇನ್ನೂ ಹೇಳಿಕೊಟ್ಟಿಲ್ಲ” ಎಂದೆ. ಶ್ರೀಪತಿ ಮಾಸ್ತರರು ಮಗಳಿಗೆ ಮನೆಯಲ್ಲೇ ಪ್ರಶ್ನೆಪತ್ರಿಕೆ ತೋರಿಸುತ್ತಾರೆ ಎಂದು ಅದರ ಹಿಂದಿನ ವಾರವಷ್ಟೇ ಸಿಬ್ಬಂದಿ ಕೋಣೆಯಲ್ಲಿ ಒಬ್ಬರು ಆಡಿಕೊಂಡಿದ್ದು ನನ್ನ ಕಿವಿಗೆ ಬಿದ್ದಿತ್ತು. ಸಂಜೆ ಕಾಲುವೆಯ ದಂಡೆಯ ಮೇಲೆ ಮನೆಗೆ ಬರುವಾಗ ನೀನು ಕೇಳಿದೆ, “ಅಪ್ಪಾ, ನಾ ಒಬ್ಬಾಕಿನೇ ಕೈ ಎತ್ತಿದ್ನಲ್ಲ, ನಿಮಗ ಕಾಣಲಿಲ್ಲೇನು?” ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಕಾಣಲಿಲ್ಲ ಎಂದೆ.

ಕಂಡಿತ್ತು, ಅಪೇಕ್ಷಾ.