ಬಾಗಿಲಿಗೆ ಬಂದ ಎತ್ತು

ಅಲ್-ಮರ್ಹಾ, ತಯಿಜ್ ಬೆಟ್ಟಸಾಲು, ಯೆಮನ್
೯ ನವೆಂಬರ್ ೨೦೧೮

ಪ್ರೀತಿಯ ಹಾಯಿಲ್ ಅಣ್ಣನಿಗೆ,

ಸಲಾಂ. ಜಿಬೂಟಿಯಲ್ಲಿ ನೀನು, ಅತ್ತಿಗೆ, ಮಕ್ಕಳಿಬ್ಬರು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಕೂತೆ, ಬೇಸರ ಮಾಡಿಕೊಳ್ಳಬೇಡ. ನನ್ನ ಮಗಳನ್ನು, ಬಲ್ಕೀಸಳನ್ನು, ಮಣ್ಣು ಮಾಡಿ ಏಳು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು.

ಕಳೆದ ವಾರ ಕಮಾಂಡರ್ ಮುಕ್ಬಿಲ್ ಬಂದಿದ್ದ. ನೀನು ಹೆಡ್ ಮಾಸ್ಟರಾಗಿದ್ದ ಶಾಲೆಯ ಹಿಂದಿನ ಉಗ್ರಾಣದಲ್ಲಿ ತನ್ನ ಹತ್ತು ಜನರನ್ನೂ ಫಿರಂಗಿಯನ್ನೂ ಅಡಗಿಸಿಟ್ಟನಲ್ಲ, ಅದೇ ಮಹಾಶಯ. ಜೊತೆಗೆ ಊರ ಶೇಖ್, ಹಿರಿಯರು, ಒಂದು ಕೆಂಪು ಎತ್ತು. ಪದ್ಧತಿಯಂತೆ ಬಂದೂಕುಗಳನ್ನು ನನ್ನ ಹೊಸ್ತಿಲ ಮುಂದೆ ಇಟ್ಟರು. ಎತ್ತನ್ನು ಬಾಗಿಲಲ್ಲಿ ಕಡಿಯಲು ಬಿಟ್ಟರೆ ಶಾಲೆಗೆ ಶೆಲ್ ಬಿದ್ದು ಸತ್ತ ಹನ್ನೊಂದು ಮಕ್ಕಳ ಮಾತು ಅಲ್ಲಿಗೇ ಮುಗಿಯಿತು, ಮತ್ತೆ ಯಾರೂ ಎತ್ತುವಂತಿಲ್ಲ. ಒಪ್ಪಿಕೋ ಎಂದು ನೀನೂ ಬರೆದಿದ್ದೆ.

"ತಂಗಿ, ಶೆಲ್ ಹೊಡೆದವರು ಕೆಳಗಿನ ಬಯಲಿನವರು, ನಾವಲ್ಲ. ಆದ್ರೂ ತಲೆ ತಗ್ಗಿಸಿ ಬಂದಿದೀವಿ" ಅಂದ ಮುಕ್ಬಿಲ್.

"ತಲೆ ನಿಂದು ತಗ್ಗಿಸ್ತೀಯ, ಕುತ್ತಿಗೆ ಎತ್ತಿಂದು ಕೊಡ್ತೀಯ. ಚೆನ್ನಾಗಿದೆ ಕಣಪ್ಪ ನಿನ್ನ ನ್ಯಾಯ" ಅಂದು ಬಾಗಿಲು ಹಾಕಿಕೊಂಡೆ.

ಎತ್ತು ಬಂದ ದಾರಿಯಲ್ಲೇ ವಾಪಸ್ ಹೋಯಿತು. ಪಕ್ಕದ ಮನೆಯ ತಯಿಬಾ ಅಜ್ಜಿ ಓಡಿಬಂದು, "ಹುಚ್ಚಿ, ಮುತ್ತಾತನ ಕಾಲದಿಂದ ಯಾರೂ ಹಿಂಗೆ ಮಾಡಿಲ್ಲ ಕಣೇ" ಎಂದು ಎದೆ ಬಡಿದುಕೊಂಡಳು. "ಮುತ್ತಾತನ ಕಾಲದಲ್ಲಿ ಶಾಲೇನೂ ಇರ್ಲಿಲ್ಲ ಅಜ್ಜಿ" ಎಂದೆ. ಈಗ ಊರಲ್ಲಿ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ನನಗೂ ಅವರ ಹತ್ತಿರ ಆಡುವ ಮಾತಿಲ್ಲ.

ನಾನು ಕಾಯುತ್ತಿದ್ದದ್ದು ಏಡನ್ನಿನಿಂದ ಬರುವ ವಕೀಲೆ ಹುರಿಯಾಳಿಗಾಗಿ. ಯುದ್ಧದಲ್ಲಿ ಶಾಲೆಗಳಿಗೆ ಆದದ್ದನ್ನೆಲ್ಲ ಬರೆದುಕೊಂಡು ಹೊರದೇಶದ ತನಿಖೆಯವರಿಗೆ ಒಪ್ಪಿಸುವುದು ಅವಳ ಕೆಲಸ. ಶಾಲೆಯಲ್ಲಿ ಸೈನಿಕರೇ ಇರಲಿಲ್ಲ ಎನ್ನು ಎಂದು ಊರವರು ಹೇಳಿಕೊಟ್ಟಿದ್ದರು, ಅವಳು ಬಂದಾಗ ನಾನೂ ಹಾಗೇ ಶುರು ಮಾಡಿದೆ. ಅವಳು ಪೆನ್ನು ಕೆಳಗಿಟ್ಟಳು.

"ನೋಡಮ್ಮ, ಶಾಲೆ ಶಾಲೆಯಾಗಿರೋವರೆಗೆ ಅದರ ಮೇಲೆ ಹೊಡೆಯೋದು ಅಪರಾಧ. ಒಳಗೆ ಫಿರಂಗಿ ಬಂದ ದಿನ ಆ ರಕ್ಷಣೆ ಹೋಗುತ್ತೆ. ಆದ್ರೂ ಮಕ್ಕಳಿದಾರೆ ಅಂತ ಗೊತ್ತಿದ್ದು, ಎಚ್ಚರಿಕೆನೂ ಕೊಡದೆ ಹೊಡೆದವನು ಉತ್ತರ ಹೇಳ್ಬೇಕು. ಮಕ್ಕಳ ಪಕ್ಕ ಫಿರಂಗಿ ತಂದಿಟ್ಟವನೂ ಹೇಳ್ಬೇಕು. ನೀವು ಸುಳ್ಳು ಹೇಳಿದ್ರೆ ಇಬ್ಬರೂ ತಪ್ಪಿಸ್ಕೋತಾರೆ."

ಇಬ್ಬರೂ. ಅಣ್ಣ, ಆ ಮಾತು ಕೇಳಿದ ಮೇಲೆ ಏಳು ತಿಂಗಳಲ್ಲಿ ಮೊದಲ ಸಲ ನನಗೆ ಹಸಿವಾಯಿತು. ಕುದಿಯುವ ಸಲ್ತಾ ಸಾರಿನಲ್ಲಿ ಅದ್ದಿ ಎರಡು ರೊಟ್ಟಿ ತಿಂದೆ. ಆಮೇಲೆ ದಿನ, ಹೊತ್ತು, ಹೆಸರು ಒಂದೂ ಬಿಡದೆ ಹೇಳಿದೆ. ವಿಚಾರಣೆಗೆ ಹತ್ತು ವರ್ಷವಾದರೂ ಆಗಬಹುದು, ಆಗದೆಯೂ ಇರಬಹುದು ಎಂದಳು. ಆಗಲಿ, ಕಾಯುತ್ತೇನೆ. ಮುಕ್ಬಿಲನಿಗೆ ಮುಪ್ಪು ಬರಲಿ, ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ವಯಸ್ಸು ಬರಲಿ, ಆಗಲೇ ಕರೆಸಲಿ.

ಉಗ್ರಾಣದ ಬೀಗದಕೈ ಕೊಟ್ಟವರು ಯಾರು ಎಂದು ಕೇಳಿದಳು. ನಿನ್ನ ಹೆಸರು ಹೇಳಿದೆ. ನೀನು ನನಗೆ ಹೇಳಿದ್ದನ್ನೇ ಹೇಳಿದೆ: ಬಾಗಿಲಿಗೆ ಬಂದವರು ಅತಿಥಿಗಳು, ಮೂರು ದಿನ ಯಾಕೆ ಬಂದಿರಿ ಎಂದು ಕೇಳುವಂತಿಲ್ಲ, ಅವರ ವಿಷಯ ಹೊರಗೆ ಆಡುವಂತಿಲ್ಲ. ಮೂರನೆಯ ದಿನವೇ ಶೆಲ್ ಬಿತ್ತು. "ಹೆಡ್ ಮಾಸ್ಟರು ಆರೋಪಿ ಅಲ್ಲ, ಸಾಕ್ಷಿ" ಎಂದಳು ಹುರಿಯಾ. ಸಾಕ್ಷಿಯೇ ಆಗು, ನನಗೆ ಅಷ್ಟು ಸಾಕು.

ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವಳೇ ಅವಳು. ವಿಳಾಸ ನಾನು ಕೊಟ್ಟೆ. ಕೂರಿಸಿ ಚಹಾ ಕೊಡು, ಅತಿಥಿ. ಆದರೆ ನೀನು ಮೂರು ದಿನ ಏನೂ ಕೇಳದಿದ್ದರೂ ಅವಳು ಕೇಳದೆ ಬಿಡುವುದಿಲ್ಲ.

ಅತ್ತಿಗೆಗೆ ಸಲಾಂ. ಅಲ್ಲಾಹು ನಿನ್ನ ಮಕ್ಕಳಿಗೆ ನೂರು ವರ್ಷ ಆಯುಷ್ಯ ಕೊಡಲಿ. ಮನಸಾರೆ ಹೇಳುತ್ತಿದ್ದೇನೆ, ಅವರದೇನೂ ತಪ್ಪಿಲ್ಲ. ನಿನಗೂ ಕೊಡಲಿ, ಕರೆ ಬಂದಾಗ ನೀನು ಬದುಕಿರಬೇಕು.

ನಿನ್ನ ತಂಗಿ,
ಇಲ್ಹಾಮ್

ತಾ.ಕ.: ಇಟ್ಟಿಗೆ ರಾಶಿಯಲ್ಲಿ ಸಿಕ್ಕ ಹಾಜರಿ ಪುಸ್ತಕವನ್ನು ಹುರಿಯಾ ನನಗೆ ತೋರಿಸಿದಳು. ಫಿರಂಗಿ ಉಗ್ರಾಣದಲ್ಲಿದ್ದ ಮೂರು ದಿನವೂ ಬಲ್ಕೀಸ್ ಹಾಜರು. ನಿನ್ನ ಮಕ್ಕಳಿಬ್ಬರ ಹೆಸರಿನ ಮುಂದೆ ಮೂರು ದಿನವೂ ನಿನ್ನದೇ ಅಕ್ಷರದಲ್ಲಿ 'ಜ್ವರ' ಎಂದಿದೆ. ಆ ಮೂರನೆಯ ಬೆಳಿಗ್ಗೆ ಬಲ್ಕೀಸ್ ಹೊಟ್ಟೆನೋವೆಂದು ಅತ್ತಳು. ಜ್ವರದ ಮಕ್ಕಳಿಗೆಂದು ಜೇನು ಹಿಡಿದು, ಅವಳನ್ನೂ ಕರೆದುಕೊಂಡು ನಿನ್ನ ಮನೆಗೆ ಬಂದು ಕೇಳಿದೆ, "ಅಣ್ಣ, ಇವಳು ಇವತ್ತೊಂದಿನ ಮನೇಲೇ ಇರ್ಲಾ?" ನೀನು ಜೇನು ತೆಗೆದುಕೊಂಡೆ. "ಕಳ್ಳಿ, ನಡಿ ನಡಿ" ಎಂದು ಅವಳ ಕೈ ಹಿಡಿದು ನೀನೇ ಕರೆದೊಯ್ದೆ. ಹುರಿಯಾ ನಿನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಕೊನೆಯದನ್ನು ನಾನು ಬರೆಸಿದ್ದೇನೆ. ಅವತ್ತು ನಿನ್ನ ಮಕ್ಕಳಿಗೆ ಜ್ವರ ಇತ್ತಾ, ಅಣ್ಣ?