ಒಂದೇ ಸೀಸದ ಗಟ್ಟಿ

ಪೈನ್ ಬೆಂಡ್, ವಿಸ್ಕಾನ್ಸಿನ್
ಮೇ 19, 1996

ಪ್ರೀತಿಯ ಮಗಳು ಕೊರಿನ್‌ಗೆ,

ಎಡಮೊಣಕಾಲೊಂದನ್ನು ಬಿಟ್ಟರೆ ನಾನು ಪೂರ್ತಿ ಕ್ಷೇಮ. ಮೊಣಕಾಲಿನ ಕಥೆ ನಿನಗೆ ಹಳೆಯದೇ, ಅದನ್ನು ಮತ್ತೆ ಕೊರೆಯುವುದಿಲ್ಲ. ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯದೆ ಕೂತ ಅಪ್ಪನನ್ನು ಮನಸಾರೆ ಬೈದುಕೊಂಡಿರುತ್ತೀ, ಬೈದುಕೋ. ಕಾಗದದ ಕಾರ್ಖಾನೆಯಲ್ಲಿ ದುಡಿಯುವವನಿಗೆ ಬರೆಯಲು ಕಾಗದ ಸಿಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಹಾಗಾಗಿ ಆ ಸುಳ್ಳನ್ನು ಕೈಬಿಟ್ಟಿದ್ದೇನೆ.

ಈ ಬೇಸಿಗೆ ಬರುವುದಿಲ್ಲ, ಅಲ್ಲಿ ಈಜು ತಂಡ ಸೇರಿದ್ದೇನೆ ಎಂದು ಬರೆದಿದ್ದೀ. ಸಂತೋಷ. ಕೆರೆಯೇ ಇಲ್ಲದ ಟೂಸಾನ್‌ಗೆ ಅಮ್ಮನ ಜೊತೆ ಹೋಗಿಯೂ ನೀರನ್ನು ಹುಡುಕಿಕೊಂಡೆಯಲ್ಲ, ನನ್ನ ಮಗಳೇ ಸರಿ. ನಿನ್ನ ಅಮ್ಮನ ಮೇಲೆ ನನಗೆ ಮುನಿಸಿಲ್ಲ. ಅವಳ ಹೊಸ ಗಂಡ ಡೇಲ್ ಒಳ್ಳೆಯ ಮನುಷ್ಯ ಎಂದು ನೀನೇ ಎರಡು ಸಲ ಬರೆದಿದ್ದೀ. ಒಂದು ಸಲ ಬರೆದಿದ್ದರೂ ನಂಬುತ್ತಿದ್ದೆ.

ಈಗ ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ. ಪಕ್ಕದ ಮನೆಯ ಬರ್ನಿಸ್ ಅಜ್ಜಿಯ ಮೊಮ್ಮಗಳು ಟ್ರೀನಾಗೆ ಹತ್ತು ತುಂಬಿದೆ. ಅದೇ, ಹೋದ ವರ್ಷ ನಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು ಮೂಗೊರೆಸಿಕೊಳ್ಳುತ್ತಿದ್ದ ಹುಡುಗಿ. ಅವಳಿಗೆ ರೇಸ್ ದೋಣಿ ಓಡಿಸುವ ಹುಚ್ಚು ಹಿಡಿದಿದೆ. ನಿನ್ನ ಹಳೆಯ ದೋಣಿ ಹೇಗೂ ಗೋಡೆಗೆ ಒರಗಿ ನಿಂತಿದೆ. ಮುಂದಿನ ವಸಂತಕ್ಕೆ ನಿನಗೆ ಜೂನಿಯರ್ ಕ್ಲಾಸಿನ ವಯಸ್ಸು ದಾಟುತ್ತದೆ, ನೀನು ಅದನ್ನು ಮತ್ತೆ ಮಂಡಿಯೂರಿ ಓಡಿಸುವಂತಿಲ್ಲ. ಅವಳನ್ನು ಅದರಲ್ಲಿ ಕೂರಿಸಲೇ? ನೀನು ಬೇಡ ಎಂದರೆ ಬೇಡ.

ಅವಳನ್ನು ಎತ್ತಿ ನೋಡಿದೆ, ಕೋಳಿಮರಿಯಷ್ಟು ಹಗುರ. ದೋಣಿ, ಎಂಜಿನ್, ಓಡಿಸುವವಳು ಎಲ್ಲ ಸೇರಿ ನಿಯಮದ ತೂಕ ಮುಟ್ಟಬೇಕಾದರೆ ನಿನ್ನ ಮೊದಲ ವರ್ಷದಲ್ಲಿ ಕಟ್ಟಿದಷ್ಟೇ ಸೀಸವನ್ನು ಮತ್ತೆ ಕಟ್ಟಬೇಕು. ಈ ಮಾತನ್ನು ಬರ್ನಿಸ್ ಅಜ್ಜಿಗೆ ಹೇಳಿದ್ದೇ ತಪ್ಪಾಯಿತು. ಸೌಟು ಹಿಡಿದುಕೊಂಡೇ ಬಂದರು.

"ಸೀಸ ಯಾಕಯ್ಯ ಕಟ್ತೀಯಾ ನನ್ನ ಮಗೀಗೆ? ಎರಡು ತಿಂಗಳು ನನ್ನ ಕೈಗೆ ಬಿಡು. ಆಲೂಗಡ್ಡೆ ಕಡುಬು ತಿನ್ಸಿ ತಿನ್ಸಿ ನೀ ಕೇಳಿದಷ್ಟು ತೂಕ ತಂದುಕೊಡ್ತೀನಿ."

"ಕಡುಬನ್ನ ಬೇಕಾದಾಗ ಬಿಚ್ಚಿ ತೆಗೆಯೋಕಾಗಲ್ಲ ಬರ್ನಿಸಮ್ಮ, ಸೀಸವನ್ನ ತೆಗೀಬಹುದು" ಎಂದೆ.

"ನಿನ್ನ ನಿಯಮ ಮಾಡಿದೋರು ಮಕ್ಕಳನ್ನ ಹೆತ್ತೋರಾ, ಎಮ್ಮೆ ಮಾರೋರಾ?"

ನಿಯಮ ಮಾಡಿದವರು ಮಕ್ಕಳನ್ನು ಹೆತ್ತವರೇ ಎಂದು ವಿವರಿಸಲು ಹೋದೆ. ಕನಿಷ್ಠ ತೂಕ ಎಂಬುದೊಂದು ಇಲ್ಲದಿದ್ದರೆ ಗೆಲ್ಲುವ ಆಸೆಗೆ ಮಕ್ಕಳನ್ನು ಉಪವಾಸ ಕೆಡವುವ ಅಪ್ಪಂದಿರು ಈ ಕೆರೆಯ ದಡದಲ್ಲೇ ಇದ್ದಾರೆ. ಆದರೆ ಅಜ್ಜಿ ಆಗಲೇ ಬೇಲಿ ದಾಟಿ ಹೋಗಿದ್ದರು.

ಆ ಸೀಸದ ಗಟ್ಟಿಗಳು ನೆನಪಿವೆಯೇ? ಟೈರ್ ಅಂಗಡಿಯ ಸೀಸದ ಚೂರುಗಳನ್ನು ಕರಗಿಸಿ, ರೊಟ್ಟಿ ಬೇಯಿಸುವ ಅಚ್ಚಿನಲ್ಲಿ ನಾನು ಎರಕ ಹೊಯ್ದದ್ದು. ಅಮ್ಮ ಆ ಅಚ್ಚಿಗಾಗಿ ವಾರವಿಡೀ ಹುಡುಕಾಡಿದ್ದಳು. ನೀನು ಒಂಬತ್ತರವಳಿದ್ದಾಗ ಐದು ಗಟ್ಟಿ ಬೇಕಿತ್ತು. ಪ್ರತಿ ವಸಂತದಲ್ಲೂ ನೀನು ಬೆಳೆದು ಬರುತ್ತಿದ್ದೆ, ನಾನು ಒಂದನ್ನು ಬಿಚ್ಚುತ್ತಿದ್ದೆ. ಹೋದ ವರ್ಷ ಉಳಿದದ್ದು ಒಂದೇ. ಪ್ರತಿ ಸಲ ಆ ಬೋಲ್ಟ್ ಸಡಿಲಿಸುವಾಗ ಹೆಮ್ಮೆಯೂ ಆಗುತ್ತಿತ್ತು, ಬಿಚ್ಚಿದ ಗಟ್ಟಿಯನ್ನು ಕೆಳಗಿಡಲು ಮನಸ್ಸೂ ಬರುತ್ತಿರಲಿಲ್ಲ.

ನಾನು ಕಟ್ಟುತ್ತಿರುವ ನಿನ್ನ ಹೊಸ ದೋಣಿ, ದೊಡ್ಡವರ ಎ ಕ್ಲಾಸಿನದು, ಮುಗಿಯುತ್ತ ಬಂದಿದೆ. ಎಂಜಿನ್ ಹಳೆಯದೇ ಸಾಕು. ಅದರ ಗಂಟಲಿಗೆ ಜೂನಿಯರ್‌ಗಳೆಂದು ಹಾಕಿದ, ವೇಗ ತಗ್ಗಿಸುವ ಸಣ್ಣ ತೂತಿನ ಬಿಲ್ಲೆಯನ್ನು ತೆಗೆದರಾಯಿತು, ಸಿಂಹದ ಹಾಗೆ ಕೂಗುತ್ತದೆ. ಟ್ರೀನಾಗೆ ಬೇರೆ ಎಂಜಿನ್ನನ್ನು ಎರವಲು ತರುತ್ತೇನೆ. ನಿನ್ನದನ್ನು ಯಾರೂ ಮುಟ್ಟುವುದಿಲ್ಲ. ದೋಣಿಯಲ್ಲಿ ಇನ್ನು ಬಾಕಿ ಇರುವುದು ಒಂದೇ ಕೆಲಸ, ವಾರ್ನಿಷ್ ಒಣಗಬೇಕು ಅಷ್ಟೆ.

ನಿನಗೆ ಒಳ್ಳೆಯದಾಗಲಿ. ಬಿಸಿಲಿಗೆ ಟೊಪ್ಪಿ ಹಾಕಿಕೋ.

ನಿನ್ನ ಅಪ್ಪ,
ವರ್ಲಿನ್

ಪೈನ್ ಬೆಂಡ್
ಆಗಸ್ಟ್ 14, 1996

ನನ್ನ ಕೊರಿನ್,

ಜೂನಿನಲ್ಲಿ ನೀನು ಫೋನ್ ಮಾಡಿ "ಯಾರನ್ನ ಬೇಕಾದ್ರೂ ಕೂರಿಸ್ಕೋ ಅಪ್ಪಾ, ಅದು ಬರೀ ದೋಣಿ" ಎಂದಮೇಲೆ ನಾನು ಬರೆದೇ ಇಲ್ಲ. ಕ್ಷಮಿಸು. ನಿನ್ನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದು ಬರೀ ದೋಣಿಯೇ. ಆದರೂ ಆ ಮಾತನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ದಿನ ಓಡಾಡಿದೆ.

ಟ್ರೀನಾ ಗಟ್ಟಿಗಿತ್ತಿ. ಓಟ ಶುರುವಾಗುವಾಗ ಗಡಿಯಾರದ ಮುಳ್ಳು ಸೊನ್ನೆಗೆ ಬರುವುದಕ್ಕೂ ಅವಳು ಗೆರೆ ದಾಟುವುದಕ್ಕೂ ಕೂದಲೆಳೆಯ ಅಂತರ. ತಿರುವಿನಲ್ಲಿ ನಿನ್ನಷ್ಟು ಬಾಗುವುದಿಲ್ಲ, ನೇರ ಓಟದಲ್ಲಿ ಮಾತ್ರ ಮೂಗು ದೋಣಿಗೆ ತಾಗುವಷ್ಟು ಕವುಚಿರುತ್ತಾಳೆ. ಬೇಸಿಗೆಯೆಲ್ಲ ಎರಡನೆಯವಳು, ಮೂರನೆಯವಳು ಎಂದು ಬರುತ್ತ ಹೋದ ಶನಿವಾರ ರಾಜ್ಯಮಟ್ಟದ ಪಂದ್ಯಕ್ಕೆ ನಿಂತಳು, ನಮ್ಮದೇ ಕೆರೆಯಲ್ಲಿ.

ಹಿಂದಿನ ದಿನ ದೋಣಿಯ ತಳ ಒಂದು ಕಡೆ ನೀರು ಕುಡಿದಿತ್ತು. ರಿಪೇರಿಗೆಂದು ಸೀಸವನ್ನೆಲ್ಲ ಬಿಚ್ಚಿದೆ. ತಳ ಸರಿಮಾಡಿ, ಒಣಗಿಸಿ, ಬೆಳಿಗ್ಗೆ ಮತ್ತೆ ಕಟ್ಟಿದೆ. ಟ್ರೀನಾ ಹೆಲ್ಮೆಟ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.

"ಅಂಕಲ್, ಅಷ್ಟೇನಾ?"

"ಅಷ್ಟೇ ಕಣಮ್ಮ. ನಿನಗೆ ಒಂದೇ ಸಾಕು."

"ಹೋದ ವಾರ ಜಾಸ್ತಿ ಇತ್ತಲ್ವಾ?"

"ನಾನು ಕಟ್ಟೋದಾ, ನೀನು ಕಟ್ಟೋದಾ?" ಎಂದು ಗದರಿದೆ. ಬೆಳಿಗ್ಗೆಯೇ ತಕ್ಕಡಿಗೆ ಏರಿಸಿ ನೋಡಬಹುದಿತ್ತು. ಇಷ್ಟು ವರ್ಷ ಕಟ್ಟಿದ ಕೈಗೆ ತಕ್ಕಡಿ ಯಾಕೆಂದು ಬಿಟ್ಟೆ.

ದೋಣಿ ಓಡಲಿಲ್ಲ ಕೊರಿನ್, ಹಾರಿತು. ಮೊದಲ ತಿರುವಿನಲ್ಲೇ ಎಲ್ಲರನ್ನೂ ಹಿಂದೆ ಹಾಕಿದಳು. ಬರ್ನಿಸ್ ಅಜ್ಜಿ ತಾವು ಅಡುಗೆ ಮಾಡುವ ಹೋಟೆಲಿನ ಏಪ್ರನ್ನಿನಲ್ಲೇ ದಡಕ್ಕೆ ಓಡಿಬಂದು, ಪಕ್ಕದಲ್ಲಿದ್ದ ಪಾದ್ರಿಗಳ ಬೆನ್ನಿಗೆ ಗುದ್ದುತ್ತಿದ್ದರು. ನಾನು ಮನಸ್ಸಿನಲ್ಲೇ ಎಂಜಿನ್ನಿಗೆ ಶಹಬ್ಬಾಸ್ ಹೇಳುತ್ತಿದ್ದೆ, ಪೆದ್ದ.

ಆಮೇಲೆ ತಕ್ಕಡಿ. ಗೆದ್ದವರನ್ನು ತೂಗುವ ತನಕ ಯಾರೂ ಮುಟ್ಟುವಂತಿಲ್ಲವಲ್ಲ, ನಾನು ಎಂದಿನಂತೆ ಕೈ ಹಿಂದೆ ಕಟ್ಟಿ ನಿಂತೆ. ತೂಗುವ ಕೆಲಸದ ಓರ್ವಿಲ್ ತಾತ ಕನ್ನಡಕ ಏರಿಸಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಒಂದಲ್ಲ, ನಾಲ್ಕು ಗಟ್ಟಿಯಷ್ಟು ಕಡಿಮೆ. ಮೋಸ ಮಾಡುವವನೂ ಅಷ್ಟು ಕಡಿಮೆ ಮಾಡುವುದಿಲ್ಲ, ನಾಚಿಕೊಳ್ಳುತ್ತಾನೆ.

"ವರ್ಲಿನ್," ಎಂದರು, ಬೈಯುವ ದನಿಯಲ್ಲೂ ಅಲ್ಲ, "ಯಾರ ತೂಕ ಮನಸಲ್ಲಿಟ್ಕೊಂಡು ಕಟ್ಟಿದ್ಯೋ ಇದನ್ನ?"

ಆಗ ಬಗ್ಗಿ ನೋಡಿದೆ. ದೋಣಿಯಲ್ಲಿ ಒಂದೇ ಗಟ್ಟಿ. ಅದೂ ಹೋದ ವರ್ಷ ಇದ್ದ ಜಾಗದಲ್ಲೇ, ನಿನ್ನ ಬಲಮಂಡಿಯ ಹಿಂದೆ. ಉಳಿದವು ಗ್ಯಾರೇಜಿನ ನೆಲದ ಮೇಲೆ ಸಾಲಾಗಿ ಕೂತಿದ್ದವು. ನನ್ನ ಕೈ ನನ್ನನ್ನು ಕೇಳದೆ ದೋಣಿಯನ್ನು ನಿನಗೆಂದು ಕಟ್ಟಿತ್ತು. ಸುತ್ತ ನಿಂತವರಿಗೆಲ್ಲ ಅದು ಗೊತ್ತಾಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಆ ಮಗುವಿಗೆ. ಗೆಲುವನ್ನು ರದ್ದು ಮಾಡಿ ಮಿಲ್ಟನ್ ಊರಿನ ಹುಡುಗನಿಗೆ ಕಪ್ ಕೊಟ್ಟರು. ಟ್ರೀನಾ ಅಳಲಿಲ್ಲ. ಒದ್ದೆ ಕೂದಲಲ್ಲೇ ನನ್ನ ಹತ್ತಿರ ಬಂದು, "ಅಂಕಲ್, ಕೊರಿನಕ್ಕ ಅಷ್ಟು ದಪ್ಪ ಇದ್ಲಾ?" ಎಂದು ಕೇಳಿದಳು. ಓರ್ವಿಲ್ ತಾತನಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ನಗುತ್ತ ನಗುತ್ತ ಟ್ರಕ್ಕಿನ ಆ ಕಡೆಗೆ ಹೋಗಬೇಕಾಯಿತು.

ಬರ್ನಿಸ್ ಅಜ್ಜಿ ಅಲ್ಲಿಗೂ ಬಂದರು. ಚೆನ್ನಾಗಿ ಬೈದರು. "ನನ್ನ ಮಗು ಕಷ್ಟಪಟ್ಟು ಗೆದ್ದಿದ್ದನ್ನ ನಿನ್ನ ಮಗಳ ನೆನಪಿಗೆ ನೈವೇದ್ಯ ಮಾಡಿದ್ಯಲ್ಲೋ" ಎಂದರು. ಸತ್ಯವಾದ ಮಾತು. ಸಂಜೆ ಬಾಗಿಲು ಬಡಿದು ಒಂದು ತಟ್ಟೆ ಕಡುಬು ಕೊಟ್ಟು, "ತಿನ್ನು, ನೀನೂ ಹಗುರ ಆಗಿದ್ದೀಯ" ಎಂದು ಹೋದರು. ಮರುದಿನ ಟ್ರೀನಾಳ ಮುಂದೆ ನಿಂತು ತಪ್ಪಾಯಿತೆಂದೆ. ಮುಂದಿನ ವರ್ಷ ತನ್ನ ಸೀಸವನ್ನು ತಾನೇ ಕಟ್ಟುತ್ತೇನೆಂದು ಷರತ್ತು ಹಾಕಿದ್ದಾಳೆ. ಒಪ್ಪಿದ್ದೇನೆ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಬೇರೆ ಯಾರಾದರೂ ನಿನಗೆ ಹೇಳುವ ಮೊದಲು ನಾನೇ ಹೇಳಬೇಕು ಅನ್ನಿಸಿತು. ನಿನ್ನನ್ನು ಎಳೆದು ತರುವ ಉಪಾಯವಲ್ಲ ಇದು. ಈಜು ಬಿಡಬೇಡ. ನಿನಗೆ ಎಲ್ಲಿ ನೀರು ಹಿತವೋ ಅಲ್ಲಿರು, ಚೆನ್ನಾಗಿ ಉಣ್ಣು, ಅಮ್ಮನ ಮಾತು ಕೇಳು. ನನ್ನ ಆಶೀರ್ವಾದ ಅಷ್ಟು ದೂರ ಮುಟ್ಟುತ್ತದೆ ಎಂದು ನಂಬಿದ್ದೇನೆ.

ಯಾವತ್ತೂ ನಿನ್ನ,
ಅಪ್ಪ

ಮರೆತ ಮಾತು: ವಾರ್ನಿಷ್ ಮೇ ತಿಂಗಳಲ್ಲೇ ಒಣಗಿತ್ತು. ಹೊಸ ದೋಣಿಯಲ್ಲಿ ಬಾಕಿ ಇರುವ ಕೆಲಸ ಬೇರೆ. ನೀನು ಮಂಡಿಯೂರುವ ಜಾಗವನ್ನು ಎಷ್ಟು ಹಿಂದಕ್ಕಿಡಬೇಕು, ಸೀಸಕ್ಕೆ ತೂತು ಎಲ್ಲಿ ಕೊರೆಯಬೇಕು ಎಂಬುದು ನಿನ್ನ ತೂಕದ ಮೇಲೆ ನಿಂತಿದೆ. ಡ್ರಿಲ್ ಹಿಡಿದು ಎಷ್ಟೋ ಸಂಜೆ ಅದರ ಮುಂದೆ ಕೂತಿದ್ದೇನೆ. ನೀನು ಒಂಬತ್ತರವಳಿದ್ದಾಗಿನಿಂದ ಬೇಸಿಗೆಯ ಪ್ರತಿ ಶನಿವಾರ ನಿನ್ನ ತೂಕ ನನಗೆ ಪೌಂಡು ಪೌಂಡಾಗಿ ಗೊತ್ತಿರುತ್ತಿತ್ತು. ತಕ್ಕಡಿ ಇಳಿದ ಮೇಲೆ ಒದ್ದೆ ಬಟ್ಟೆಯಲ್ಲೇ ನಿನ್ನನ್ನು ಎತ್ತಿಕೊಂಡಾಗ ನನ್ನ ತೋಳೂ ಅದನ್ನೇ ಹೇಳುತ್ತಿತ್ತು. ಈಗ ನನ್ನ ಮಗಳು ಎಷ್ಟು ತೂಗುತ್ತಾಳೆ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ ಕೊರಿನ್. ಈ ವಯಸ್ಸಿನ ಹುಡುಗಿಯನ್ನು ಅದನ್ನು ಕೇಳಬಾರದಂತೆ, ಬರ್ನಿಸ್ ಅಜ್ಜಿ ಹೇಳಿದರು. ಹೋದ ವರ್ಷ ನೀನೂ "ಓರ್ವಿಲ್ ತಾತಂಗೆ ಮೆಲ್ಲಗೆ ಹೇಳೋಕೆ ಹೇಳಪ್ಪಾ, ಎಲ್ರಿಗೂ ಕೇಳ್ಸತ್ತೆ" ಎಂದು ಗೋಗರೆದಿದ್ದೆ. ನೀನು ಬರದಿದ್ದರೂ ಪರವಾಗಿಲ್ಲ. ಕಾಗದದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಕಳಿಸು. ಯಾರಿಗೂ ಹೇಳುವುದಿಲ್ಲ.