ಫಕೀರವ್ವನ ಹೆಬ್ಬೆಟ್ಟು

ಗದಗ
ಫೆಬ್ರವರಿ ಮೂವತ್ತು, ೨೧೫೮

ಸಿನಿಮಾ ಮಾಡುವ ಸಂಪದಾಗೆ,

ತಾರೀಖು ನೋಡಿ ನಗಬ್ಯಾಡ. ನಮ್ಮ ಕಾಲದಾಗ ಫೆಬ್ರವರಿಗೂ ಮೂವತ್ತು ದಿನ. ಮೂರನೇತ್ತಕ್ಕ ಸಾಲಿ ಬಿಟ್ಟಾಕಿ ನಾನು, ಮಾತು ಒರಟಾದ್ರ ಸೈರಿಸ್ಕೋ. ಲೆಕ್ಕದಾಗ ನೀ ನನ್ನ ಮುತ್ತಜ್ಜಿಗಿಂತ ಹಿರಿಯಾಕಿ. ಆದ್ರ ಇದು ಮುಟ್ಟುವಾಗ ನಿನಗ ಇಪ್ಪತ್ತಾರು, ನನಗ ಎಪ್ಪತ್ತೊಂಬತ್ತು. ಅದಕ್ಕ ತಂಗಿ ಅಂತೀನಿ. ಈ ಕಾಗದ ಹಿಂದಂಚ್ಯಾಗ ಹಾಕಾಕತ್ತೀನಿ, ಅಂದ್ರ ಹಿಂದಿನ ಕಾಲಕ್ಕ ಹೋಗುವ ಟಪಾಲು. ಒಬ್ಬರಿಗೆ ಒಂದೇ ಹಾಳಿ. ಮುಟ್ಟತೈತೋ ಇಲ್ಲೋ, ಅದರ ಮ್ಯಾಲೂ ನನಗ ನಂಬಿಕಿಲ್ಲ.

ನಮ್ಮ ಹಿರಿಯ ಮಾಗುಂಡಪ್ಪ ಚಿತ್ರಗಾರನ ಚಿತ್ರ ಇಟ್ಟುಕೊಂಡು ನೀ ಹನ್ನೊಂದು ನಿಮಿಷದ ಸಿನಿಮಾ ಮಾಡಾಕತ್ತೀದಿ. ಕತಿ ಇಲ್ಲ, ಮಾತಿಲ್ಲ. ಒಂದು ಚಿತ್ರದ ಕೆಂಪು ಸೀರಿ ಹರಕೊಂತ ಹೋಗಿ ಇನ್ನೊಂದರಾಗ ಹೊಳಿ ಆಗತೈತಿ. ಚಲೋ ಐತಿ, ಸುಳ್ಳ್ಯಾಕ ಹೇಳಲಿ. ಅಸಲಿ ಚಿತ್ರ ಎಲ್ಲಾ ನಿನ್ನ ಕಾಲ ಆದಮ್ಯಾಲಿನ ಮಹಾಪೂರದಾಗ ಹೋದುವು. ಉಳಿದದ್ದು ನಿನ್ನ ಸಿನಿಮಾ, ನಮ್ಮ ಮನ್ಯಾಗ ಅವನ ಚಿತ್ರ ಇರೋ ಒಂದು ಹಲಗಿ.

ಮಾಗುಂಡಪ್ಪ ಗೆರಿ ಎಳೀತಿದ್ದ ಅಷ್ಟ. ಬಣ್ಣ ಅರೆಯಾಕಿ, ಎಲ್ಲಿ ಯಾವ ಬಣ್ಣ ಅನ್ನಾಕಿ ಅವನ ಹೆಂಡತಿ ಫಕೀರವ್ವ. ಆಕಿಗೆ ಒಪ್ಪಿಗಿ ಆದ್ರ ಕೆಳಗಿನ ಮೂಲ್ಯಾಗ ಹೆಬ್ಬೆಟ್ಟು ಒತ್ತತಿದ್ದಳು. ಹೆಬ್ಬೆಟ್ಟಿಲ್ಲದ ಚಿತ್ರ ಹೊಸ್ತಿಲು ದಾಟತಿರಲಿಲ್ಲ.

ನಿನ್ನ ಸಿನಿಮಾದಾಗ ಒಂದೂ ಹೆಬ್ಬೆಟ್ಟಿಲ್ಲ! ಜಿಡ್ಡು ಅಂತ ತಿಳಿದು ಕಂಪ್ಯೂಟರಿನಾಗ ಒರೆಸಿದಿಯೋ, ದೊಡ್ಡ ಕಲಾವಿದ ಒಬ್ಬನ ಇರಲಿ ಅಂತ ಬೇಕಂತ ಒರೆಸಿದಿಯೋ? ನನಗ ಎರಡನೇದರ ಮ್ಯಾಲೇ ಸಂಶಯ. ಮಾಗುಂಡಪ್ಪನ ಹರಕ ಚಪ್ಪಲಿ ಎರಡು ಸಲ ತೋರಿಸೀದಿ, ಹೆಂಗಸಿನ ಬೆರಳು ಮಾತ್ರ ಕಣ್ಣಿಗೆ ಬೀಳಲಿಲ್ಲೇನು?

ಇಲ್ಲಿ ಮರುಬಣ್ಣ ಮಂಡಳಿ ಅಂತ ಐತಿ, ಹಳೇ ಚಿತ್ರ ಇದ್ದಂಗ ಮಾಡೋರು. ಅವರ ಸಾಹೇಬ ಬಂದು ಹಲಗಿ ಮ್ಯಾಲಿನ ಹೆಬ್ಬೆಟ್ಟು ನೋಡಿ, "ಅಜ್ಜೀ, ಸಿನಿಮಾದಾಗ ಇಲ್ಲಂದ್ರ ಚಿತ್ರದಾಗೂ ಇರಲಿಲ್ಲ. ಸೋಮವಾರ ಈ ಕೊಳಿ ಕೆರೆದು ತಗೀತೀವಿ" ಅಂದ. "ನಿಮ್ಮಪ್ಪನ ಮದುವಿ ಫೋಟೋದಾಗ ನೀ ಇಲ್ಲ. ಹಂಗಂತ ನೀ ಹುಟ್ಟೇ ಇಲ್ಲೇನು?" ಅಂದೆ. ಜತಿ ಬಂದೋರು ನಕ್ಕರು, ಅಂವ ಸೋಮವಾರ ಅಂತ ಬರಕೊಂಡು ಹೋದ.

ಆ ಹೆಬ್ಬೆಟ್ಟು ಹೋದ್ರ ಫಕೀರವ್ವ ಇದ್ದಳು ಅನ್ನಾಕ ಬ್ಯಾರೆ ಏನೂ ಇಲ್ಲ. ಫೋಟೋ ಇಲ್ಲ, ಕಾಗದ ಇಲ್ಲ. ನಿನ್ನ ಕಾಲದಾಗ ಸಿನಿಮಾ ಇನ್ನೂ ಮುಗಿದಿಲ್ಲ. ಒರೆಸಿದ್ದನ್ನ ತಿರುಗಿ ಹಾಕು. ಒಂದು ಚಿತ್ರದಾಗ ಕಂಡ್ರೂ ಸಾಕು, ಸಾಹೇಬನ ಬಾಯಿ ಮುಚ್ಚತೈತಿ.

ನನಗ ಸಹಿ ಮಾಡಾಕ ಬರತೈತಿ. ಆದ್ರೂ ಬಣ್ಣ ಅರೆದು ಕೆಳಗ ಹೆಬ್ಬೆಟ್ಟು ಒತ್ತೀನಿ. ಜಿಡ್ಡು ಅಲ್ಲ ಅದು. ನಾನು, ಗೌರವ್ವ.